ಒಂದೂಕಾಲು ಕೆಜಿಯ ಪ್ಲೇಟು

ಜಿಮ್ಮಿನ ಸ್ಟ್ಯಾಂಡಿನಲ್ಲಿ ಇಪ್ಪತ್ತು ಕೆಜಿಯ ಪ್ಲೇಟಿಗೆ ಇರುವ ಮರ್ಯಾದೆಯೇ ಬೇರೆ. ಕೈಯಿಂದ ಕೈಗೆ ಓಡಾಡಿ ಅದರ ಅಂಚಿನ ಬಣ್ಣ ಹಾರಿ ಕಬ್ಬಿಣ ಮಿರಿಮಿರಿ ಎನ್ನುತ್ತಿರುತ್ತದೆ. ಒಂದೂಕಾಲು ಕೆಜಿಯದ್ದು ಕೆಳಗಿನ ಗೂಟದಲ್ಲಿ ಧೂಳು ಹಿಡಿದು ಕೂತಿರುತ್ತದೆ, ಇಲ್ಲವೇ ಬಾಗಿಲು ಬಡಿಯದಂತೆ ಅಡ್ಡ ಬಿದ್ದಿರುತ್ತದೆ. ಅದನ್ನು ತೂಕ ಎತ್ತುವ ಕಬ್ಬಿಣದ ಸರಳಿಗೆ, ಅಂದರೆ ಬಾರಿಗೆ, ಏರಿಸಿದರೆ ಪಕ್ಕದವರು ನಕ್ಕಾರೆಂಬ ಸಂಕೋಚ ಬೇರೆ. ಬೆಂಚಿನ ಮೇಲೆ ಅಂಗಾತ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ ತಿಂಗಳುಗಟ್ಟಲೆ 60 ಕೆಜಿಯಲ್ಲೇ ನಿಂತುಹೋದವರು ಮೊದಲು ಹುಡುಕಬೇಕಾದದ್ದು ಮಾತ್ರ ಈ ಚಿಕ್ಕ ಪ್ಲೇಟಿನ ಜೋಡಿಯನ್ನೇ.

ಹೀಗೆ ನಿಂತುಹೋಗುವುದಕ್ಕೆ ಜಿಮ್ಮಿನವರು ‘ಪ್ಲೇಟೋ’ ಎನ್ನುತ್ತಾರೆ. ಗ್ರೀಸಿನ ತತ್ವಜ್ಞಾನಿಯಲ್ಲ (ಆತನೂ ಕುಸ್ತಿ ಮಾಡಿದವನು, ಅಗಲ ಭುಜಕ್ಕೇ ಆ ಹೆಸರು ಬಂತು ಎಂಬ ಪ್ರತೀತಿಯೇನೋ ಉಂಟು). ಇದು ಭೂಗೋಳದ ಪುಸ್ತಕದ ಪ್ರಸ್ಥಭೂಮಿ. ದಖ್ಖನ್ನಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಇದರಲ್ಲಿ ಅವಮಾನ ಕಾಣಬಾರದು. ಘಟ್ಟ ಹತ್ತಿದವರಿಗೇ ಈ ಬಯಲು ಸಿಗುವುದು.

ಮೊದಲ ಕೆಲವು ವಾರ ತೂಕ ಏರುತ್ತಲೇ ಹೋಗುವುದು ಬಹುಪಾಲು ನರಗಳ ಕಲಿಕೆಯಿಂದ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದು ದೇಹಕ್ಕೆ ಗೊತ್ತಾಗುತ್ತದೆ. ಆಮೇಲೆ ಹೊಸ ಸ್ನಾಯು ಬೆಳೆಯಬೇಕು, ಅದು ನಿಧಾನದ ಕೆಲಸ. ದೇಹವೋ ಜುಗ್ಗ ಶಾನುಭೋಗ. ಪ್ರತಿ ಸೋಮವಾರ ಅದೇ 60 ಕೆಜಿ, ಅದೇ ಮೂರು ಸೆಟ್ಟು (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು ಒಂದು ಸೆಟ್ಟು) ಕೇಳಿದರೆ ಅಷ್ಟಕ್ಕೆ ಸರಿಯಾಗಿ ಕೊಟ್ಟು ಖಾತೆ ಮುಚ್ಚುತ್ತದೆ.

ಹೆಚ್ಚು ಕೇಳಬೇಕು, ಸರಿ. ಕೇಳುವ ಲೆಕ್ಕದಲ್ಲೇ ಎಡವಟ್ಟಾಗುವುದು. ಬಾರಿನ ಎರಡೂ ಕಡೆ ಎರಡೂವರೆ ಕೆಜಿ ಏರಿಸಿದರೆ ಒಟ್ಟು ಐದು. ಬಾರನ್ನು ಹೆಗಲ ಮೇಲೆ ಹೊತ್ತು ಕೂತೇಳುವ ನೂರು ಕೆಜಿಯ ಸ್ಕ್ವಾಟಿಗೆ ಅದು ನೂರಕ್ಕೆ ಐದು, ತೊಡೆ ತಡೆದುಕೊಳ್ಳುತ್ತದೆ. ಬಾರನ್ನು ತಲೆಯ ಮೇಲಕ್ಕೆ ಎತ್ತುವ ಮೂವತ್ತು ಕೆಜಿಯ ಭುಜದ ಪ್ರೆಸ್ಸಿಗೆ ಅದೇ ಐದು ಎಂದರೆ ನೂರಕ್ಕೆ ಹೆಚ್ಚುಕಡಿಮೆ ಹದಿನೇಳು. ಭುಜವೇ ಎಲ್ಲಕ್ಕಿಂತ ಮೊದಲು ಮುಷ್ಕರ ಹೂಡುವುದು ಇದಕ್ಕೇ.

ಸ್ವಲ್ಪಸ್ವಲ್ಪವೇ ಹೆಚ್ಚು ಕೇಳುತ್ತ ಬರೆದಿಡಲು ಎಂಟಾಣೆಯ ಒಂದು ನೋಟುಬುಕ್ಕು ಸಾಕು. ಈಗ ಎಂಟಾಣೆಗೆ ಸಿಗುವುದಿಲ್ಲ, ಇರಲಿ. 60 ಕೆಜಿಯಲ್ಲಿ ಮೂರು ಸೆಟ್ಟು, ಒಂದೊಂದರಲ್ಲಿ ಎಷ್ಟು ಸಲ ಎತ್ತಿದ್ದು: 8, 8, 7. ಮುಂದಿನ ಸಲ 8, 8, 8. ಅದರ ಮುಂದೆ 9, 8, 8. ನೋಡುವವರಿಗೆ ಮನುಷ್ಯ ಇದ್ದಲ್ಲೇ ಇದ್ದಾನೆ. ಗುಣಿಸಿದರೆ ಒಟ್ಟು ಎತ್ತಿದ್ದು 1380 ಕೆಜಿಯಿಂದ 1440ಕ್ಕೆ, ಅಲ್ಲಿಂದ 1500ಕ್ಕೆ ಏರಿದೆ. ಮೂರೂ ಸೆಟ್ಟಿನಲ್ಲಿ ಹನ್ನೆರಡು ಬಂದ ದಿನ ಆ ಧೂಳಿನ ಜೋಡಿಯನ್ನು ಒರೆಸಿ ಹಾಕಿ, 62.5 ಕೆಜಿಯಲ್ಲಿ ಮತ್ತೆ ಎಂಟರಿಂದ ಶುರು.

ಅಷ್ಟಾದರೂ ನಿಂತರೆ ಬಾರು ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಎದೆಯ ಮೇಲಿಂದ ಏಳುತ್ತಿಲ್ಲವೇ? ತೂಕ ಇಳಿಸಿ, ಎದೆಗೆ ತಾಕಿದಲ್ಲಿ ಎರಡು ಸೆಕೆಂಡು ತಡೆದು ಎತ್ತುವುದು. ಮೇಲೆ ಬಂದು ಮೊಣಕೈ ನೇರವಾಗುವಾಗ ಕೈಕೊಟ್ಟರೆ ತೋಳಿನ ಹಿಂಭಾಗ ಸೋತಿದೆ; ಹಿಡಿತ ಭುಜದಗಲಕ್ಕೆ ಕಿರಿದುಮಾಡಿ ಕೆಲವು ವಾರ. ಒಂದನ್ನು ಬದಲಿಸಿದರೆ ಆರೆಂಟು ವಾರ ಅದನ್ನೇ ನಡೆಸಬೇಕು. ದೇಹಕ್ಕೆ ‘ಶಾಕ್’ ಕೊಡುವುದೆಂದು ವಾರಕ್ಕೊಂದು ವ್ಯಾಯಾಮ ಹಿಡಿಯುವವರಿಗೆ ಮೈಕೈ ನೋವು ಧಾರಾಳವಾಗಿ ಸಿಗುತ್ತದೆ. ಬಲ ಏರಿತೋ ಇಲ್ಲವೋ ಅಳೆಯಲು ಗೆರೆಯೇ ಉಳಿಯುವುದಿಲ್ಲ.

ಸುಳ್ಳು ಏರಿಕೆಯೂ ಉಂಟು. ಬಾರನ್ನು ಎದೆಗೆ ಚೆಂಡಿನಂತೆ ಪುಟಿಸುವುದು, ಸೊಂಟ ಬೆಂಚಿನಿಂದ ಮೇಲೇಳಿಸುವುದು, ಅರ್ಧ ಕೂತು ಪೂರ್ತಿ ಸ್ಕ್ವಾಟೆಂದು ಬರೆದುಕೊಳ್ಳುವುದು. ಸೆಟ್ಟುಗಳ ನಡುವೆ ನಲವತ್ತು ಸೆಕೆಂಡು ಮಾತ್ರ ಕೂತು ಬಲ ಬರಲಿಲ್ಲ ಎಂದು ಗೊಣಗುವವರೂ ಉಂಟು. ಭಾರದ ಸೆಟ್ಟಿಗೆ ಎರಡು ಮೂರು ನಿಮಿಷದ ವಿರಾಮ ಬೇಕು. ಹತ್ತು ನಿಮಿಷ ಆದರೆ ಅದು ರೀಲ್ಸಿನ ಲೆಕ್ಕಕ್ಕೆ ಹೋಗುತ್ತದೆ.

ಎರಡು ವಾರದಿಂದ ಅಂಕಿ ಇಳಿಯುತ್ತಿದ್ದು, ನಿದ್ದೆ ಕೆಟ್ಟು, ಕೀಲುಗಳು ನೋಯುತ್ತಿದ್ದರೆ ಹೊಲವನ್ನು ಬೀಳು ಬಿಟ್ಟ ಹಾಗೆ ಒಂದು ವಾರ ಬಿಡಬೇಕು. ಜಿಮ್ಮಿಗೆ ಹೋಗುವುದು ತಪ್ಪಿಸಬೇಕಿಲ್ಲ. 60 ಇದ್ದದ್ದು 40ಕ್ಕೆ, ಮೂರು ಸೆಟ್ಟು ಎರಡಕ್ಕೆ. ಹಟಮಾರಿಗಳಿಗೆ ಎಲ್ಲಕ್ಕಿಂತ ಕಷ್ಟದ ವಾರ ಇದು.

ಇನ್ನು ಊಟ. ಎಪ್ಪತ್ತು ಕೆಜಿಯವರು ಸ್ನಾಯು ಬೆಳೆಸಬೇಕೆಂದರೆ ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 112 ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಸುಮಾರು ಏಳು, ಒಣ ಸೋಯಾ ಚಂಕ್ಸ್ 50 ಗ್ರಾಂ ನೆನೆಸಿದರೆ ಸುಮಾರು ಇಪ್ಪತ್ತೈದು. ತಿಳಿಸಾರಿನಲ್ಲಿ ಬೇಳೆಯ ನೆನಪಷ್ಟೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಕೆಲವು ಜಿಮ್ಮುಗಳಲ್ಲಿ ಒಂದೂಕಾಲಿನ ಪ್ಲೇಟೇ ಇರುವುದಿಲ್ಲ. ಕಾಲಿಗೆ ಕಟ್ಟುವ ಒಂದು ಕೆಜಿಯ ಮರಳಿನ ಪಟ್ಟಿಗಳನ್ನು ಬಾರಿನ ಎರಡೂ ತುದಿಗೆ ಸಮನಾಗಿ ಸುತ್ತಿದರೆ ಕೆಲಸ ಆಗುತ್ತದೆ. ಪ್ಲೇಟು ಸಿಕ್ಕಿತೋ, ನಿಂತು ಮಾಡುವ ಭುಜದ ಪ್ರೆಸ್ಸಿಗೆ ಕ್ಲಿಪ್ಪು ಹಾಕುವುದನ್ನು ಮರೆಯಬೇಡಿ. ಬಾರು ಒಂದು ಕಡೆ ವಾಲಿದಾಗ ಮೊದಲು ಜಾರುವುದು ತುದಿಯಲ್ಲಿರುವ ಆ ಚಿಕ್ಕದ್ದೇ, ಹುಡುಕಿಕೊಂಡು ಹೋಗಿ ಬೀಳುವುದು ಕಾಲ್ಬೆರಳ ಮೇಲೇ.