ಹೊಟ್ಟೆ ಮೇಲಾದ ಮೀನು

ಅಕ್ವೇರಿಯಂ ಮುಂದೆ ನಿಂತ ನೆಂಟರು ಮೊದಲು ಕೇಳುವುದು, "ಮೀನೆಲ್ಲಿ?" ಆಚೀಚೆ ಓಡಾಡುವ ಟೆಟ್ರಾ ಎಂಬ ಪುಟ್ಟ ಮೀನುಗಳು ಅವರ ಲೆಕ್ಕಕ್ಕಿಲ್ಲ, ನಾನು ಹೊಗಳಿದ್ದು ಬೇರೆಯದನ್ನು. ಮರದ ತುಂಡಿನ ಅಡಿಯಲ್ಲಿದೆ ಎಂದರೆ ಬಗ್ಗಿ ನೋಡುತ್ತಾರೆ. "ಅಯ್ಯೋ, ಹೊಟ್ಟೆ ಮೇಲಾಗಿದೆಯಲ್ರೀ, ಸತ್ತು ಹೋಗಿದೆ!"

ಸತ್ತಿಲ್ಲ. ಅದು ಇರುವುದೇ ಹಾಗೆ. ಅಪ್‌ಸೈಡ್ ಡೌನ್ ಕ್ಯಾಟ್‌ಫಿಶ್ ಅಂತ ಹೆಸರು. ಊರು ಆಫ್ರಿಕಾದ ಕಾಂಗೋ ನದಿಯ ಕಡೆ. ಬೆಳೆದರೂ 10 ಸೆಂಟಿಮೀಟರ್ ಆಸುಪಾಸು, ಅಷ್ಟಕ್ಕೇ ಮೂರು ಜೊತೆ ಮೀಸೆ. ಬಾಯಿ ಇರುವುದು ಕೆಳಮುಖವಾಗಿ, ಇಷ್ಟದ ಹುಳುಗಳು ಬೀಳುವುದು ನೀರಿನ ಮೇಲೆ. ಮಗುಚಿಕೊಂಡರೆ ಕೆಲಸ ಸಲೀಸು, ಅಲ್ವಾ? ಬಣ್ಣವೂ ಅದಕ್ಕೆ ತಕ್ಕ ಹಾಗೆ. ಬೇರೆ ಮೀನುಗಳಿಗೆ ಬೆನ್ನು ಕಪ್ಪಗಿದ್ದರೆ ಇದಕ್ಕೆ ಹೊಟ್ಟೆ ಕಪ್ಪು. ಈಜಿಪ್ಟಿನ ಹಳೇ ಗೋರಿಗಳ ಗೋಡೆಗಳಲ್ಲೂ ಇದರ ನೈಲ್ ನದಿಯ ದಾಯಾದಿಗಳನ್ನು ಹೀಗೇ ತಲೆಕೆಳಗಾಗಿ ಕೆತ್ತಿದ್ದಾರೆ.

ಒಂದೇ ತಕರಾರು. ಕಾಸು ಕೊಟ್ಟು ತಂದವರಿಗೆ ಇದು ಮುಖ ತೋರಿಸುವುದಿಲ್ಲ. ಟ್ಯಾಂಕಿನ ಲೈಟ್ ಇರುವಷ್ಟು ಹೊತ್ತೂ ನಿದ್ದೆ. ಆಗ ಹಾಕಿದ ತಿಂಡಿಯನ್ನೆಲ್ಲ ಟೆಟ್ರಾಗಳು ಮುಗಿಸಿಬಿಡುತ್ತವೆ. ಹಾಗಾಗಿ ಇದರ ಊಟ ನಮ್ಮ ಊಟವೆಲ್ಲ ಆಗಿ, ಲೈಟ್ ಆರಿಸಿದ ಮೇಲೆ: ತಳಕ್ಕೆ ಮುಳುಗುವ ನಾಲ್ಕು ಕಾಳು.

ಅದಕ್ಕೇ ಸಂಜೆ ಕರೆಂಟ್ ಹೋದರೆ ಈಗ ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಹಿಡಿದರೆ ಇವು ಜಾಸ್ತಿ ಗಾಬರಿಯಾಗುವುದಿಲ್ಲ. ಒಂದು ಹೊರಬರುತ್ತದೆ, ಹಿಂದೆಯೇ ಇನ್ನೊಂದು. ಎಲೆಯ ಅಡಿಭಾಗವನ್ನು ಮೀಸೆಯಿಂದ ತಡವುತ್ತಾ, ಬೆನ್ನು ಕೆಳಗೆ ಮಾಡಿಕೊಂಡು ಆರಾಮಾಗಿ ಸಾಗುತ್ತವೆ. ತಳದಲ್ಲಿ ಕಾಳಿನ ವಾಸನೆ ಸಿಕ್ಕಿತೋ, ಪಟಕ್ಕನೆ ಎಲ್ಲ ಮೀನುಗಳಂತೆ ನೆಟ್ಟಗಾಗಿ ಮರಳಿಗೆ ಮೂತಿ ಹಚ್ಚುತ್ತವೆ. ತಿಂದಾದ ಮೇಲೆ ಮತ್ತೆ ಉಲ್ಟಾ.

ಒಂಟಿಯಾಗಿ ಇಟ್ಟರೆ ಇನ್ನೂ ಅಡಗುತ್ತದೆ, ಗುಂಪಿದ್ದರೆ ಧೈರ್ಯ. ಮರಳು ನುಣುಪಾಗಿರಬೇಕು, ಇಲ್ಲದಿದ್ದರೆ ಮೀಸೆ ಸವೆಯುತ್ತದೆ. ಎಷ್ಟು ಉಳಿದಿವೆ ಅಂತ ಖಾತ್ರಿಯಾಗುವುದು ಮಾತ್ರ ಟ್ಯಾಂಕ್ ಪೂರ್ತಿ ಖಾಲಿ ಮಾಡುವ ದಿನವೇ. ಬಲೆ ಹಾಕಬಾರದು. ರೆಕ್ಕೆಯ ಮುಳ್ಳು ಸೆಟೆಸಿಕೊಂಡು ಸಿಕ್ಕಿಹಾಕಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕುಸಾಕು. ಡಬ್ಬಿಯಲ್ಲಿ ಮೊಗೆಯುವುದೇ ವಾಸಿ. ಆಗ ಆ ಮುಳ್ಳಿನ ಬುಡ ಉಜ್ಜಿ ಕಿರ್ರ್ ಅನ್ನುತ್ತದೆ. ಮಟಮಟ ಮಧ್ಯಾಹ್ನ ಎಬ್ಬಿಸಿದ್ದಕ್ಕೆ ಬಯ್ಯುತ್ತಿದೆ ಅಂತ ಮಗಳ ವಾದ.