ಬೀಗ ಹಾಕಿ ಕೀಲಿಕೈಯನ್ನ ಗ್ರೂಪಿಗೆ ಎಸೆದವರು

ಇವತ್ತು ಬೆಳಿಗ್ಗೆ ಟೀಮ್ ಗ್ರೂಪ್ ತೆರೆದರೆ 32 ಅಕ್ಷರಗಳ ಒಂದು ಸಾಲು ಕಣ್ಣಿಗೆ ರಾಚಿತು. ಹೊಸದಾಗಿ ಸೇರಿದ ಹುಡುಗ "ಸರ್, ಕ್ರೆಡೆನ್ಶಿಯಲ್ಸ್ ಎಲ್ಲಾ ನಿಲ್ ಬರ್ತಿದೆ" ಅಂದಿದ್ದಾನೆ, ಅಂದರೆ ಸೈಟಿನ ಪಾಸ್‌ವರ್ಡು-ಟೋಕನ್ನುಗಳೆಲ್ಲ ಖಾಲಿ ಕಾಣ್ತಿವೆ ಅಂತ. ನಮ್ಮ ಸೀನಿಯರ್ ಮಹಾಶಯರು ಪ್ರೊಡಕ್ಷನ್ (ಜನ ಬಳಸೋ ನಿಜವಾದ ಸೈಟಿನ) ಮಾಸ್ಟರ್ ಕೀಯನ್ನೇ, ಅಂದರೆ ಆ ಗುಟ್ಟುಗಳನ್ನೆಲ್ಲ ತೆರೆಯೋ ಕೀಲಿಕೈಯನ್ನೇ, ಪೇಸ್ಟ್ ಮಾಡಿಬಿಟ್ಟಿದ್ದಾರೆ. ನಲವತ್ತು ಜನರಿರೋ ಗ್ರೂಪು. ಕೆಳಗೆ ಆರು ಲೈಕು ಬೇರೆ!

ನಮ್ಮ ಸೈಟು ಕಟ್ಟಿರೋ ರೈಲ್ಸ್ ಅನ್ನೋ ವೆಬ್ ಫ್ರೇಮ್‌ವರ್ಕಿನವರು ಎಷ್ಟು ಕಾಳಜಿಯಿಂದ ಮಾಡಿಟ್ಟಿದ್ದಾರೆ ನೋಡಿ. 2018ರಲ್ಲಿ ಬಂದ 5.2 ಆವೃತ್ತಿಯಿಂದಲೇ ಪಾಸ್‌ವರ್ಡು, ಟೋಕನ್ನು ಎಲ್ಲಾ ಒಂದೇ ಫೈಲಿನಲ್ಲಿ ಎನ್‌ಕ್ರಿಪ್ಟ್ ಆಗಿ (ಕೀ ಇಲ್ಲದೆ ಓದಲಾಗದಂತೆ) ಕೂರುತ್ತವೆ. ಆ ಫೈಲನ್ನ ಧೈರ್ಯವಾಗಿ ಗಿಟ್‌ಗೆ (ಕೋಡಿನ ಹಳೇ-ಹೊಸ ಪ್ರತಿಗಳನ್ನೆಲ್ಲ ಉಳಿಸಿಡೋ ಜಾಗ) ಹಾಕಬಹುದು. ಕೀ ಮಾತ್ರ ಹೋಗಬಾರದು ಅಂತ ಗಿಟ್‌ಇಗ್ನೋರ್‌ನಲ್ಲಿ (ಗಿಟ್‌ಗೆ ಸೇರಿಸಬಾರದ ಫೈಲುಗಳ ಪಟ್ಟಿ) ಅವರೇ ಸಾಲು ಬರೆದುಕೊಡುತ್ತಾರೆ. ಗಿಟ್‌ಗೆ ಹೋಗಲಿಲ್ಲ, ನಿಜ. ಗ್ರೂಪಿಗೆ ಹೋಯ್ತು.

ಕೇಳಿದ್ರೆ "ನಮ್ಮವರೇ ತಾನೇ ಇರೋದು, ಮೆಸೇಜ್ ಡಿಲೀಟ್ ಮಾಡಿದೆ ಬಿಡಪ್ಪಾ." ಆಹಾ. ಆ ನಲವತ್ತು ಜನರಲ್ಲಿ ಮೂವರು ಕೆಲಸ ಬಿಟ್ಟು ಎಷ್ಟೋ ತಿಂಗಳಾಯ್ತು, ಗ್ರೂಪ್ ಬಿಟ್ಟಿಲ್ಲ.

ಇನ್ನೊಬ್ಬರ ಸಲಹೆ: "ಹೊಸ ಕೀ ಹಾಕಿದ್ರೆ ಮುಗೀತು." ಎಲ್ಲಿ ಮುಗೀತು ಸ್ವಾಮಿ? ಹಳೇ ಎನ್‌ಕ್ರಿಪ್ಟೆಡ್ ಫೈಲು ಗಿಟ್ ಹಿಸ್ಟರಿಯಲ್ಲಿ ಹಾಗೇ ಇದೆ, ಹಳೇ ಕೀ ಹಾಕಿದರೆ ಇವತ್ತಿಗೂ ತೆರೆಯುತ್ತೆ. ಅಂದರೆ ಒಳಗಿರೋ ಒಂದೊಂದನ್ನೂ ಬದಲಾಯಿಸಬೇಕು: ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ ಸೀಕ್ರೆಟ್, ಮೇಲ್ ಕಳಿಸೋ ಟೋಕನ್. ಲಾಗಿನ್ ಕುಕಿಗಳನ್ನ ಕಾಯೋ ಸೀಕ್ರೆಟ್ ಕೀ ಬೇಸ್ ಬದಲಾಯಿಸಿದ್ರಂತೂ ಲಾಗಿನ್ ಆಗಿದ್ದ ಬಳಕೆದಾರರೆಲ್ಲ ಹೊರಗೆ. ಅವರ ಬೈಗುಳ ನನಗೆ.

ಅಷ್ಟಕ್ಕೂ ಆ ಹುಡುಗನಿಗೆ ಪ್ರೊಡಕ್ಷನ್ ಕೀ ಯಾಕೆ ಬೇಕಿತ್ತು? ರೈಲ್ಸ್ 6 ಬಂದಿದ್ದು 2019ರಲ್ಲಿ. ಆಗಿಂದಲೇ ಕೋಡ್ ಬರೆದು ನೋಡೋ ಡೆವಲಪ್‌ಮೆಂಟ್‌ಗೊಂದು, ಪ್ರೊಡಕ್ಷನ್‌ಗೊಂದು ಅಂತ ಬೇರೆ ಬೇರೆ ಫೈಲು, ಬೇರೆ ಬೇರೆ ಕೀ ಇಟ್ಟುಕೊಳ್ಳಬಹುದು. "ಒಂದೇ ಇದ್ರೆ ಸುಲಭ" ಅಂತ ನಾವು ಒಂದರಲ್ಲೇ ಎಲ್ಲಾ ತುಂಬಿದ್ದೇವೆ. ಸುಲಭ ಹೌದು, ಕದಿಯೋರಿಗೂ.

ಸರಿ, ನನ್ನದೂ ಹೇಳಿಬಿಡ್ತೀನಿ. ಒಂದ್ಸಲ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ, ಮಾಸ್ಟರ್ ಕೀ ಅದರ ಜೊತೆಗೇ ಹೋಯ್ತು ಅಂತ ಗೊತ್ತಾಗಿ ಬೆವರಿದ್ದೆ. ಕೀ ಕಳೆದರೆ ಫೈಲು ಕಸ, ರಿಕವರಿ ಅನ್ನೋ ಮಾತೇ ಇಲ್ಲ. ಸರ್ವರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಸರ್ವರಿನ ಒಂದು ಸೆಟ್ಟಿಂಗು) ಕೀ ಉಳಿದಿತ್ತು, ಬದುಕಿಕೊಂಡೆ. ಆಮೇಲೆ ಹೆದರಿ ಏನು ಮಾಡಿದೆ ಗೊತ್ತಾ? ಕೀಯನ್ನ ನನಗೆ ನಾನೇ ಈಮೇಲ್ ಮಾಡ್ಕೊಂಡೆ! ಎರಡು ವರ್ಷ ಇನ್‌ಬಾಕ್ಸಲ್ಲೇ ಇತ್ತು. ಪಾಸ್‌ವರ್ಡ್ ಮ್ಯಾನೇಜರ್ ಅನ್ನೋದೊಂದಿದೆ ಅಂತ ಆಮೇಲೆ ಬುದ್ಧಿ ಬಂತು. ಹಾಗಾಗಿ ಬೈಯೋ ಹಕ್ಕು ನನಗೆ ಅರ್ಧವೇ ಇರೋದು, ಪೂರ್ತಿ ಬಳಸ್ಕೊಳ್ತಿದ್ದೀನಿ.

ಸಂಜೆಯಿಂದ ಕೂತು ಒಂದೊಂದೇ ಬದಲಾಯಿಸ್ತಿದ್ದೀನಿ. ಏಳು ಮುಗಿದವು, ಇನ್ನೂ ನಾಲ್ಕಿವೆ. ಈಗಷ್ಟೇ ಆ ಹುಡುಗನ ಮೆಸೇಜು: "ಸರ್, ಹೊಸ ಕೀ ಇದೇ ಗ್ರೂಪಲ್ಲಿ ಹಾಕ್ತೀರಾ?"