ಗುಡ್ಡದ ಬುಡದಲ್ಲಿ ಕಳೆದ ಕೀ

ಅಂಗಿ ಗುಂಡಿಗಿಂತ ಚಿಕ್ಕದೊಂದು ನೀಲಿ ಹೂವು. ಅದರ ದೆಸೆಯಿಂದ ಬಳ್ಳಾರಿ ಗುಡ್ಡದ ಬುಡಕ್ಕೆ ವಾಕಿಂಗ್ ಬರುವವರೆಲ್ಲ ಈಗ ನನ್ನನ್ನು "ಕೀ ಕಳ್ಕೊಂಡ ಸಾರ್" ಅಂತ ಗುರುತು ಹಿಡಿಯುತ್ತಾರೆ.

ಶುರುವಾಗಿದ್ದು ಮಗಳಿಂದ. ಒಂಬತ್ತನೇ ಕ್ಲಾಸು. ಸುತ್ತಮುತ್ತ ಬೆಳೆಯುವ ಒಂದು ಕಾಡುಗಿಡವನ್ನು ಅದರ ಲಕ್ಷಣ ನೋಡಿ ಗುರುತಿಸಬೇಕು, ಸೋಮವಾರ ತರಬೇಕು ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಮಕ್ಕಳ ಪ್ರಾಜೆಕ್ಟ್ ಯಾರು ಮಾಡುತ್ತಾರೆ ಅನ್ನೋದು ಗೊತ್ತಿರೋದೇ ಅಲ್ವಾ? ನಾನು ಪಿಯುಸಿಯಲ್ಲಿ ಬಯಾಲಜಿ ಓದಿದವನು. ಆಮೇಲೆ ಓದಿದ್ದೆಲ್ಲ ಬರೀ ಲೆಡ್ಜರು. ಆದರೂ "ಇದೇನು ಮಹಾ" ಅಂದುಬಿಟ್ಟೆ.

ಮಳೆ ಬಿದ್ದು ಎರಡು ವಾರವಾಗಿತ್ತು. ಬೇಸಿಗೆಯಲ್ಲಿ ರೊಟ್ಟಿ ಹಂಚಿನಂತೆ ಕಾಯುವ ಬಂಡೆಗಳ ಸಂದಿಯಲ್ಲೂ ಹಸಿರು ಎದ್ದಿತ್ತು. ಅಲ್ಲೇ ಕಂಡಿತು ನೋಡಿ. ನೆಲಕ್ಕೆ ಒರಗಿದ ತೆಳ್ಳನೆಯ ಕಡ್ಡಿಗಳು, ಮೈಯೆಲ್ಲ ರೇಷ್ಮೆಯಂಥ ರೋಮ, ಒಂದಾದ ಮೇಲೊಂದು ಪುಟ್ಟ ಎಲೆ, ಎಲೆಯ ಬುಡದಿಂದ ನೂಲಿನಂಥ ತೊಟ್ಟು, ಅದರ ತುದಿಗೆ ಬಟ್ಟಲಾಗದೆ ಚಪ್ಪಟೆಯಾಗಿ ಅರಳಿದ ತಿಳಿನೀಲಿ ಹೂವು.

"ವಿಷ್ಣುಕ್ರಾಂತಿ!" ಅಂದೆ. ಚಿಕ್ಕವನಿದ್ದಾಗ ಅಜ್ಜಿ ತೋರಿಸಿದ್ದರು.

"ಹೆಂಗ್ ಹೇಳ್ತಿಯಪ್ಪ? ಪ್ರೂಫ್ ಬೇಕು," ಅಂದಳು ಮಗಳು.

ಪ್ರೂಫ್‌ಗೆಂದು ಒಂದು ಕಡ್ಡಿ ಕಿತ್ತು ಜೇಬಿಗಿಟ್ಟುಕೊಂಡೆ. ದಾರಿಯಲ್ಲಿ ಒಗ್ಗರಣೆ-ಮಿರ್ಚಿಗೆ ನಿಂತಿದ್ದು ತಪ್ಪಾಯಿತು. ಮನೆಗೆ ಬಂದು ನೋಡಿದರೆ ಹೂವು ಮಡಚಿದ ಕೊಡೆಯಂತೆ ಮುದುಡಿಕೊಂಡಿತ್ತು. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುವ ಜಾತಿಯಂತೆ. ನಮ್ಮ ಕೆಲವು ಆಫೀಸುಗಳ ಹಾಗೆ. ಎಲೆ ಮಾತ್ರ ಮಿರ್ಚಿ ಎಣ್ಣೆಯಲ್ಲಿ ಫಳಫಳ ಹೊಳೆಯುತ್ತಿತ್ತು.

ಅಷ್ಟರಲ್ಲಿ ಮನೆಯಲ್ಲಿ ಹೆಸರಿನ ಜಗಳ ಎದ್ದಿತು. ಅಮ್ಮ "ಇದು ಶಂಖಪುಷ್ಪಿ" ಅಂದರು. ಪಕ್ಕದ ಮನೆ ಅಕ್ಕ ಗೋಡೆಯ ಆಚೆಯಿಂದಲೇ "ಅಯ್ಯ, ಶಂಖಪುಷ್ಪ ಅಂದ್ರೆ ನಮ್ಮ ಕಾಂಪೌಂಡಿಗೆ ಹಬ್ಬೈತಲ್ಲ, ಅದು" ಅಂದರು. ತಮಾಷೆ ಏನೆಂದರೆ ಇಬ್ಬರೂ ಸರಿ. ಈ ಹೆಸರಿಗೆ ಔಷಧಿ ಬಲ್ಲವರಲ್ಲೇ ಒಮ್ಮತವಿಲ್ಲ. ಒಬ್ಬರು ವಿಷ್ಣುಕ್ರಾಂತಿಯನ್ನೇ ಶಂಖಪುಷ್ಪಿ ಅಂತಾರೆ. ಇನ್ನೊಬ್ಬರು ಅದರ ನೆಂಟ ಕಾನ್ವಾಲ್ವುಲಸ್‌ಗೆ ಅದೇ ಹೆಸರು ಕೊಡುತ್ತಾರೆ. ಕೇರಳದ ಕಡೆ ಅಕ್ಕನ ಕಾಂಪೌಂಡಿನ ಬಳ್ಳಿಯೇ ಶಂಖಪುಷ್ಪಿ. ಅಕ್ಕನದು ಸುಲಭವಾಗಿ ಬಗೆಹರಿಯಿತು. ಅದು ಸುತ್ತಿ ಸುತ್ತಿ ಹತ್ತುವ ಬಳ್ಳಿ. ಹೂವು ಅವರೆ ಹೂವಿನ ಕುಲದ್ದು, ಕಾಯಿಯೂ ಅವರೆಯ ಹಾಗೇ ಉದ್ದ. ಕಷ್ಟವಾಗಿದ್ದು ನೆಂಟನದು.

ನಮ್ಮ ಗಿಡದ ಶಾಸ್ತ್ರದ ಹೆಸರು ಇವಾಲ್ವುಲಸ್ ಆಲ್ಸಿನಾಯ್ಡಿಸ್. ಕಾನ್ವಾಲ್ವುಲಸ್ ಅಂದರೆ ಸುತ್ತಿಕೊಳ್ಳುವುದು, ಇವಾಲ್ವುಲಸ್ ಅಂದರೆ ಸುತ್ತು ಬಿಚ್ಚಿಕೊಂಡಿದ್ದು. ಹಾಗಾದರೆ ಸುತ್ತದೆ ಬಿದ್ದಿದೆ, ಕೇಸು ಮುಗೀತು ಅಂದುಕೊಂಡೆ. ಇಲ್ಲ. ಕಾನ್ವಾಲ್ವುಲಸ್ ಬಳಗದಲ್ಲೂ ಸುತ್ತದೆ ಸುಮ್ನೆ ಮಲಗುವ ಸೋಮಾರಿಗಳಿದ್ದಾರೆ. ಗಿಡಗಳಿಗೆ ಶಾಸ್ತ್ರದ ಹೆಸರಿಡುವ ಪದ್ಧತಿ ತಂದ ಸ್ವತಃ ಲಿನೇಯಸ್ 1753ರಲ್ಲಿ ನಮ್ಮ ಗಿಡವನ್ನು ಕಾನ್ವಾಲ್ವುಲಸ್ ಗುಂಪಿಗೇ ಸೇರಿಸಿದ್ದ. ಅದನ್ನು ಇವಾಲ್ವುಲಸ್‌ಗೆ ಬದಲಿಸಿದ್ದು 1762ರಲ್ಲಿ. ಅವನಿಗೇ ಒಂಬತ್ತು ವರ್ಷ ಹಿಡಿದಿತ್ತು. ನನಗೆ ಸೋಮವಾರದವರೆಗೆ ಟೈಮು.

ಹಳೇ ಸಸ್ಯಗಳ ಪುಸ್ತಕವೊಂದರ ಪಿಡಿಎಫ್ ಇಳಿಸಿಕೊಂಡೆ. 1915ರಿಂದ 1936ರವರೆಗೆ ಕಂತು ಕಂತಾಗಿ ಬಂದ ಮದ್ರಾಸ್ ಪ್ರೆಸಿಡೆನ್ಸಿಯ ಪುಸ್ತಕ. ನಮ್ಮೂರು 1953ರವರೆಗೆ ಮದ್ರಾಸಿಗೇ ಸೇರಿತ್ತಲ್ಲ, ಹಾಗಾಗಿ ನಮ್ಮ ಗಿಡಗಳ ಲೆಕ್ಕವೂ ಅಲ್ಲೇ. ಇಂಥ ಪುಸ್ತಕಗಳಲ್ಲಿ ಗಿಡ ಪತ್ತೆ ಹಚ್ಚಲು "ಕೀ" ಅಂತ ಒಂದಿರುತ್ತದೆ. ಹೀಗಿದ್ದರೆ ಈ ಕಡೆ ಹೋಗು, ಹಾಗಿದ್ದರೆ ಆ ಕಡೆ ಹೋಗು ಅಂತ. ಇವೆರಡು ನೆಂಟರನ್ನು ಬೇರೆ ಮಾಡುವುದು ಹೂವಿನ ಒಳಗಿನ ಶಲಾಕೆ, ಅಂದರೆ ಅಂಡಾಶಯದ ಮೇಲೆ ಏಳುವ ಎಳೆ. ಕಾನ್ವಾಲ್ವುಲಸ್‌ಗೆ ಒಂದೇ ಶಲಾಕೆ, ತುದಿಯಲ್ಲಿ ಮಾತ್ರ ಎರಡು ಕವಲು. ಇವಾಲ್ವುಲಸ್‌ಗೆ ಎರಡು ಶಲಾಕೆ, ಒಂದೊಂದೂ ಮತ್ತೆ ಸೀಳಿ ಒಟ್ಟು ನಾಲ್ಕು ಎಳೆ. ಅಂದರೆ ನೆಲದ ಮೇಲೆ ಬಗ್ಗಿ, ಗುಂಡಿಗಿಂತ ಚಿಕ್ಕ ಹೂವಿನ ಹೊಟ್ಟೆಯಲ್ಲಿ ಕೂದಲಿನಂಥ ಎಳೆ ಎಣಿಸಬೇಕು.

"ನಿಮ್ಮ ತಲೆ ಮೇಲಿನದನ್ನ ಎಣಿಸಿದ್ರೆ ಬೇಗ ಮುಗೀತಿತ್ತು," ಅಂದಳು ಹೆಂಡತಿ.

ಭಾನುವಾರ ಬೆಳಿಗ್ಗೆ ಏಳಕ್ಕೇ ಹೋದೆ. ಒಂದು ಕಣ್ಣು ಮುಚ್ಚಿ, ಭೂತಗನ್ನಡಿ ಹಿಡಿದು, ಹೆಚ್ಚುಕಮ್ಮಿ ಸಾಷ್ಟಾಂಗ ಹಾಕಿದೆ. ಗಾಳಿ ಬೇರೆ. ಹೂವು ತಲೆಯಾಡಿಸುತ್ತಿತ್ತು. ಎಳೆಗಳ ಮಧ್ಯೆ ಐದು ಕೇಸರಗಳೂ ತೂರಿಕೊಂಡು ಲೆಕ್ಕ ತಪ್ಪಿಸುತ್ತಿದ್ದವು. ಒಮ್ಮೆ ಒಂಬತ್ತು, ಒಮ್ಮೆ ಏಳು, ಒಮ್ಮೆ ನನ್ನದೇ ರೆಪ್ಪೆಗೂದಲೂ ಸೇರಿ ಹನ್ನೊಂದು.

ತಲೆಯ ಹತ್ತಿರ ಎರಡು ಬೂಟು ಬಂದು ನಿಂತವು. "ಏನ್ ಹುಡುಕ್ತೀರಿ ಸಾರ್?"

ಎಣಿಕೆ ತಪ್ಪಬಾರದು ಅಂತ ತಲೆ ಎತ್ತದೆ ಹೇಳಿದೆ: "ಕೀ ಪ್ರಕಾರ ನಾಲ್ಕು ಇರಬೇಕು. ಸಿಕ್ತಾ ಇಲ್ಲ."

"ನಾಲ್ಕು ಕೀ ಹೋದ್ವಾ! ಗಾಡಿದಾ, ಮನೀದಾ?"

ಉತ್ತರ ಕೊಡುವಷ್ಟರಲ್ಲಿ ಅವರು ಬಗ್ಗಿಯಾಗಿತ್ತು. ಬಳ್ಳಾರಿ ಜನ ಕೈಬಿಡುವವರಲ್ಲ. ಐದು ನಿಮಿಷದಲ್ಲಿ ಆರು ಜನ, ಒಂದು ನಾಯಿ. ಒಬ್ಬರು ಕಲ್ಲು ಎತ್ತಿ ನೋಡಿದರು. ಇನ್ನೊಬ್ಬರು "ಬೀರುವಿನ ಕೀ ಅಂತೆ" ಅಂದರು. ಹಿಂದಿನಿಂದ ಒಂದು ಹೆಣ್ಣು ದನಿ, "ಅಯ್ಯೋ, ಬಂಗಾರ ಇತ್ತೇನೋ ಪಾಪ." ಈ ಹೊತ್ತಲ್ಲಿ ಎದ್ದು ನಿಂತು ಹೂವಿನ ಶಲಾಕೆ ಅಂತ ಹೇಳುವ ಧೈರ್ಯ ನಿಮಗಿದ್ದರೆ ನಿಮಗೊಂದು ನಮಸ್ಕಾರ. ನನಗಿರಲಿಲ್ಲ. ನಾನೂ ಅವರ ಜೊತೆ ಸೇರಿ ಇಪ್ಪತ್ತು ನಿಮಿಷ ಕೀ ಹುಡುಕಿದೆ.

ಎಲ್ಲರೂ ಹೋದ ಮೇಲೆ ಗಾಳಿ ನಿಂತಿತು. ಸೂಜಿಯಿಂದ ಕೇಸರಗಳನ್ನು ಮೆಲ್ಲಗೆ ಸರಿಸಿದೆ. ಬುಡದಿಂದಲೇ ಬೇರೆಯಾದ ಎರಡು ಬಿಳಿ ಎಳೆ, ಒಂದೊಂದಕ್ಕೂ ಎರಡು ಕವಲು. ನಾಲ್ಕು! ಮಗಳಿಗೆ ಪ್ರೂಫ್ ಸಿಕ್ಕಿತು. ಅಜ್ಜಿ ಗೆದ್ದರು.

ಬುಧವಾರ ಅದೇ ಬೂಟಿನ ಯಜಮಾನರು ದೂರದಿಂದಲೇ ಕೈ ಎತ್ತಿದರು. "ಸಿಕ್ತಾ ಸಾರ್?"

ಖುಷಿಯಲ್ಲಿದ್ದೆ. "ಸಿಕ್ತು ಸಾರ್. ಅಲ್ಲೇ ಇತ್ತು. ನಾಲ್ಕೂ!"

"ಮತ್ತೆ ಬಂಗಾರ?"

ಏನು ಹೇಳಲಿ? ನಕ್ಕು ಮುಂದೆ ಹೋದೆ. ನಗಬಾರದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಆ ಬಂಡೆಯ ಹತ್ತಿರ ಮೂರು ಜನ ಬಗ್ಗಿ ನಿಂತಿದ್ದರು. ಒಬ್ಬರ ಚಪ್ಪಲಿ ನನ್ನ ವಿಷ್ಣುಕ್ರಾಂತಿಯ ಮೇಲೇ ಇತ್ತು.